ಮೊದಲ ಒಂಟಿ ಮ್ಯೂಲ್ ಡಿಯರ್ ಬೇಟೆ: ಲೆಕ್ಕ ಶುರುವಾಗುವುದು ಮಾಂಸ ಹೊರುವಲ್ಲಿಂದ

ಅಮೆರಿಕದ ಪಶ್ಚಿಮ ಬೆಟ್ಟಗಳಲ್ಲಿ ಮೊದಲ ಸಲ ಒಬ್ಬರೇ ಮ್ಯೂಲ್ ಡಿಯರ್ ಬೇಟೆಗೆ ಹೊರಡುವವರು ಯಾವ ರೈಫಲ್, ಯಾವ ಸ್ಕೋಪ್ ಎಂದು ಹುಡುಕುವುದರಲ್ಲೇ ತಿಂಗಳು ಕಳೆಯುತ್ತಾರೆ. ಅದಕ್ಕೂ ಮೊದಲು ಹಾಕಬೇಕಾದ ಲೆಕ್ಕ ಒಂದಿದೆ. ಜಿಂಕೆ ಬಿದ್ದ ಜಾಗದಿಂದ ಗಾಡಿಯವರೆಗೆ ಮಾಂಸ ಹೊರುವವರು ಯಾರು? ನೀವೊಬ್ಬರೇ.

ಬಲಿತ ಗಂಡಿನಿಂದ ಮೂಳೆ ಬಿಡಿಸಿದ ಮಾಂಸ ಸುಮಾರು 30 ಕೆ.ಜಿ. ಸಿಗುತ್ತದೆ, ದೊಡ್ಡದಾದರೆ 40ರ ಹತ್ತಿರ ಹೋಗುತ್ತದೆ. ತಲೆ, ಕೊಂಬು ಬೇರೆ. ಅದರ ಮೇಲೆ ರೈಫಲ್, ದುರ್ಬೀನು, ನೀರು, ಬೆಚ್ಚನೆ ಬಟ್ಟೆ ಎಂದು 12-15 ಕೆ.ಜಿ. ಬೆನ್ನ ಮೇಲೆ ಇದ್ದೇ ಇರುತ್ತದೆ. ಒಂದೇ ಸಲಕ್ಕೆ ಇಷ್ಟನ್ನೂ ಹೊತ್ತು ದಾರಿಯಿಲ್ಲದ ಇಳಿಜಾರಿನಲ್ಲಿ ನಡೆದರೆ ಮೊಣಕಾಲು ತಿರುಚುವ ಸಾಧ್ಯತೆ ಹೆಚ್ಚು. ಹಾಗಾಗಿ ಕನಿಷ್ಠ ಎರಡು ಸುತ್ತು ಎಂದೇ ಹಿಡಿಯಿರಿ. ಗಾಡಿಯಿಂದ ಮೂರು ಮೈಲಿ ಒಳಗೆ ಹೊಡೆದರೆ ಹೊತ್ತು ಬರಲು ಮೂರು, ಖಾಲಿ ವಾಪಸಿಗೆ ಮೂರು, ಮತ್ತೆ ಹೊತ್ತು ಬರಲು ಮೂರು, ಒಟ್ಟು ಒಂಬತ್ತು ಮೈಲಿ. ಹೊರೆಯ ಜೊತೆ ಬೆಟ್ಟದಲ್ಲಿ ಗಂಟೆಗೆ ಒಂದು ಮೈಲಿ ಸಾಗಿದರೆ ಚೆನ್ನಾಗಿ ಸಾಗಿದಂತೆ. ಸಂಜೆ ಹೊಡೆದ ಜಿಂಕೆ ಮರುದಿನ ಮಧ್ಯಾಹ್ನವಾದರೂ ಪೂರ್ತಿ ಗಾಡಿ ಸೇರಿರುವುದಿಲ್ಲ.

ಮೊದಲ ಸಲಕ್ಕೆ ಒಂದು ಮಿತಿ ಹಾಕಿಕೊಳ್ಳಿ: ಗಾಡಿಯಿಂದ ಎರಡು ಮೈಲಿ, ಏರಿಳಿತ 1,500 ಅಡಿಯೊಳಗೆ. ಗಾಡಿ ಮೇಲಿದ್ದು ಜಿಂಕೆ ಕೆಳಗಿನ ಕಮರಿಯಲ್ಲಿ ಇರುವಂಥ ಜಾಗವನ್ನು ನಕ್ಷೆಯಲ್ಲೇ ಅಳಿಸಿಹಾಕಿ. ಬೆಳಗ್ಗೆ ಸರಸರನೆ ಇಳಿದುಹೋದ ಅದೇ ದಾರಿಯನ್ನು 25 ಕೆ.ಜಿ. ಹೊತ್ತು ಏರುವಾಗ ಗೊತ್ತಾಗುತ್ತದೆ ಅದರ ನಿಜವಾದ ಉದ್ದ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆ ಇಲ್ಲಿ ಮೈಲಿಗಳಲ್ಲಿ ಅಳೆಯುವ ಮಾತು.

ಜಿಂಕೆಯ ಬಗ್ಗೆ ಗೊತ್ತಿರಬೇಕಾದಷ್ಟು

ಹೇಸರಗತ್ತೆಯಂಥ ದೊಡ್ಡ ಕಿವಿಯಿಂದ ಬಂದ ಹೆಸರು ಮ್ಯೂಲ್ ಡಿಯರ್. ಬಿಳಿ ಪೃಷ್ಠ, ಹಗ್ಗದಂಥ ತೆಳು ಬಾಲ, ಬಾಲದ ತುದಿ ಕಪ್ಪು. ಕೊಂಬು ಕವಲಾಗಿ, ಆ ಕವಲು ಮತ್ತೆ ಕವಲಾಗಿ ಬೆಳೆಯುತ್ತದೆ. ವೈಟ್‌ಟೇಲ್ ಜಿಂಕೆಯಲ್ಲಿ ಒಂದೇ ಮುಖ್ಯ ಕೊಂಬಿನಿಂದ ಮುಳ್ಳುಗಳು ಎದ್ದಿರುತ್ತವೆ. ಎರಡೂ ಇರುವ ಪ್ರದೇಶಗಳಲ್ಲಿ ಟ್ಯಾಗ್ (ಒಂದು ಪ್ರಾಣಿ ಹೊಡೆಯಲು ರಾಜ್ಯ ಕೊಡುವ ಪರವಾನಗಿ ಚೀಟಿ) ಯಾವುದಕ್ಕೆ ಎನ್ನುವುದು ಮುಖ್ಯ, ಆದ್ದರಿಂದ ಈ ವ್ಯತ್ಯಾಸ ಕಣ್ಣಿಗೆ ಅಭ್ಯಾಸವಾಗಿರಬೇಕು.

ಬೇಸಿಗೆಯಲ್ಲಿ ಗಂಡುಗಳು ಮರಗಳ ಸಾಲು ಮುಗಿಯುವ ಎತ್ತರದ ಬೋಗುಣಿ ಕಣಿವೆಗಳಲ್ಲಿ ಮೇಯುತ್ತವೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮೊದಲ ಭಾಗದೊಳಗೆ ಕೊಂಬಿನ ಮೇಲಿನ ಮೃದು ಚರ್ಮ ಉದುರುತ್ತದೆ. ಆಮೇಲೆ ಅವು ಬಯಲು ಬಿಟ್ಟು ಮರಗಳ ಅಂಚಿಗೆ ಸರಿಯುತ್ತವೆ. ಅಕ್ಟೋಬರ್‌ನಲ್ಲಿ ಕಾಣಿಸುವುದು ಬೆಳಗಿನ ಮೊದಲ ಒಂದು ಗಂಟೆ ಮತ್ತು ಸಂಜೆಯ ಕೊನೆಯ ಅರ್ಧ ಗಂಟೆ ಹೆಚ್ಚು. ಹಿಮ ದಪ್ಪವಾದಂತೆ ಹಿಂಡುಗಳು ಕೆಳಗಿನ ಸೇಜ್‌ಬ್ರಷ್ ಪೊದೆಯ ಬಯಲುಗಳಿಗೆ ಇಳಿಯುತ್ತವೆ. ವಯೋಮಿಂಗ್‌ನ ರೆಡ್ ಡೆಸರ್ಟ್‌ನಿಂದ ಹೋಬ್ಯಾಕ್‌ವರೆಗಿನ ವಲಸೆ ದಾರಿಯೊಂದೇ ಸುಮಾರು 150 ಮೈಲಿ ಉದ್ದ. ಬೆದೆ ನವೆಂಬರ್ ಮಧ್ಯದಿಂದ ಡಿಸೆಂಬರ್ ಮೊದಲ ವಾರದವರೆಗೆ. ಆಗ ಗಂಡುಗಳು ಹಗಲಿನಲ್ಲೂ ಹೆಣ್ಣುಗಳ ಹಿಂದೆ ಅಲೆಯುತ್ತವೆ. ಆದ್ದರಿಂದಲೇ ಆ ಸೀಸನ್‌ನ ಟ್ಯಾಗ್ ಸಿಗುವುದು ಕಷ್ಟ.

ಟ್ಯಾಗ್, ಲೈಸೆನ್ಸ್, ವೀಸಾ

ಶರತ್ಕಾಲದ ಬೇಟೆಯ ಕೆಲಸ ಚಳಿಗಾಲದಲ್ಲೇ ಶುರುವಾಗುತ್ತದೆ. ಮೊದಲು ಹಂಟರ್ ಎಜುಕೇಶನ್ ಕಾರ್ಡ್. ಕೊಲರಾಡೊದಲ್ಲಿ 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದ ಎಲ್ಲರಿಗೂ ಅದು ಕಡ್ಡಾಯ. ಒಂದು ರಾಜ್ಯದ ಕಾರ್ಡನ್ನು ಉಳಿದ ರಾಜ್ಯಗಳೂ ಒಪ್ಪುತ್ತವೆ. ಜನವರಿಯಲ್ಲೇ ಮುಗಿಸಿಕೊಳ್ಳಿ. ಅರ್ಜಿ ಹಾಕುವಾಗ ಕಾರ್ಡಿನ ಸಂಖ್ಯೆ ಕೇಳುತ್ತಾರೆ.

ಕೊಲರಾಡೊದಲ್ಲಿ ಬೆಟ್ಟದ ಮ್ಯೂಲ್ ಡಿಯರ್ ಟ್ಯಾಗ್‌ಗಳು ಡ್ರಾ, ಅಂದರೆ ಲಾಟರಿ, ಮೂಲಕ ಬರುತ್ತವೆ, ಅರ್ಜಿಯ ಗಡುವು ಏಪ್ರಿಲ್ ಮೊದಲ ವಾರ. ಅರ್ಜಿಗೂ ಮೊದಲು ಅರ್ಹತೆಯ ಲೈಸೆನ್ಸ್ ಒಂದನ್ನು ಕೊಂಡಿರಬೇಕು. ಇದು ಗೊತ್ತಿಲ್ಲದೆ ಕೊನೆಯ ರಾತ್ರಿ ಸಿಕ್ಕಿಬೀಳುವವರು ಪ್ರತಿ ವರ್ಷ ಇರುತ್ತಾರೆ. ಡ್ರಾದಲ್ಲಿ ಟ್ಯಾಗ್ ಸಿಗದ ವರ್ಷಕ್ಕೊಂದು ಪಾಯಿಂಟ್ ಸಿಗುತ್ತದೆ, ಅಲ್ಲಿ ಪಾಯಿಂಟ್ ಕೂಡಿಟ್ಟವರಿಗೆ ಆದ್ಯತೆ. ನೆವಾಡಾದಲ್ಲಿ ಪಾಯಿಂಟ್ ಹೆಚ್ಚಿದಷ್ಟೂ ಲಾಟರಿ ಚೀಟಿಗಳು ಹೆಚ್ಚುತ್ತವೆ. ನ್ಯೂ ಮೆಕ್ಸಿಕೋದಲ್ಲಿ ಪಾಯಿಂಟ್ ಎಂಬುದೇ ಇಲ್ಲ, ಶುದ್ಧ ಅದೃಷ್ಟ. ಹೊರರಾಜ್ಯದವರ ಶುಲ್ಕ ನೂರಾರು ಡಾಲರ್, ಸ್ಥಳೀಯರದ್ದು ಅದರ ಸಣ್ಣ ಪಾಲು. ನೀವಿರುವ ರಾಜ್ಯದಲ್ಲೇ ಮ್ಯೂಲ್ ಡಿಯರ್ ಇದ್ದರೆ ಮೊದಲ ಬೇಟೆ ಅಲ್ಲೇ ಆಗಲಿ.

ಹೆಸರುವಾಸಿ ಯೂನಿಟ್‌ಗಳ (ರಾಜ್ಯ ಗುರುತಿಸಿದ ಬೇಟೆ ವಲಯಗಳ) ಆಸೆ ಬೇಡ. ಸೊನ್ನೆಯಿಂದ ಎರಡು ಪಾಯಿಂಟ್‌ಗೆ ಸಿಗುವ, ಸಾರ್ವಜನಿಕ ನೆಲ ಹೆಚ್ಚಿರುವ ಯೂನಿಟ್ ಹುಡುಕಿ. ಯಾವ ಯೂನಿಟ್‌ಗೆ ಎಷ್ಟು ಅರ್ಜಿ ಬಂತು, ಎಷ್ಟು ಪಾಯಿಂಟ್‌ಗೆ ಸಿಕ್ಕಿತು ಎನ್ನುವ ಅಂಕಿ ಅಂಶವನ್ನು ರಾಜ್ಯದ ವನ್ಯಜೀವಿ ಇಲಾಖೆಯೇ ಪ್ರಕಟಿಸುತ್ತದೆ. ಕೊಲರಾಡೊ ಮಟ್ಟಿಗೆ ಅಕ್ಟೋಬರ್ ಕೊನೆಯ ಎರಡನೇ ರೈಫಲ್ ಸೀಸನ್ ಹೊಸಬರಿಗೆ ಒಪ್ಪುತ್ತದೆ. ಮಾಂಸ ಕೆಡದಷ್ಟು ಚಳಿ ಇರುತ್ತದೆ, ದಾರಿ ಮುಚ್ಚುವಷ್ಟು ಹಿಮ ಸಾಮಾನ್ಯವಾಗಿ ಇರುವುದಿಲ್ಲ.

ಒಂಟಿಯಾಗಿ ಹೋಗುವವರಿಗೆ ವಯೋಮಿಂಗ್‌ನಲ್ಲಿ ಒಂದು ತೊಡಕಿದೆ. ಫೆಡರಲ್ ವೈಲ್ಡರ್‌ನೆಸ್ ಎಂದು ಘೋಷಿಸಿದ ಪ್ರದೇಶಗಳಲ್ಲಿ ಹೊರರಾಜ್ಯದವರು ಲೈಸೆನ್ಸ್ ಇರುವ ಗೈಡ್ ಇಲ್ಲದೆ, ಅಥವಾ ಉಚಿತ ಗೈಡ್ ಪರವಾನಗಿ ಪಡೆದ ಸ್ಥಳೀಯರೊಬ್ಬರು ಜೊತೆಗಿಲ್ಲದೆ ದೊಡ್ಡ ಪ್ರಾಣಿಗಳ ಬೇಟೆಯಾಡುವಂತಿಲ್ಲ. ನಡೆದಾಡಬಹುದು, ಮೀನು ಹಿಡಿಯಬಹುದು, ಜಿಂಕೆ ಬೇಟೆ ಮಾತ್ರ ಇಲ್ಲ. ನಕ್ಷೆಯಲ್ಲಿ ಆ ಗೆರೆ ನೋಡದೆ ಯೂನಿಟ್ ಆರಿಸಿದರೆ ಅರ್ಧ ಯೋಜನೆ ನೀರುಪಾಲು.

ಎಚ್-1ಬಿ, ಎಫ್-1 ತರಹದ ವೀಸಾದಲ್ಲಿ ಇರುವವರು ಈ ಭಾಗವನ್ನು ಎರಡು ಸಲ ಓದಿ. ವಲಸೆಯೇತರ ವೀಸಾದವರು ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಅದಕ್ಕೆ ವಿನಾಯಿತಿ ಇದೆ. ಚಾಲ್ತಿಯಲ್ಲಿರುವ ಎನ್ನುವ ಮಾತಿನಲ್ಲೇ ಎಲ್ಲ ಇದೆ. ಲೈಸೆನ್ಸ್ ಅವಧಿ ಮುಗಿದ ಮರುದಿನವೂ ರೈಫಲ್ ಮನೆಯ ಕಪಾಟಿನಲ್ಲಿದ್ದರೆ ಅದು ಫೆಡರಲ್ ಅಪರಾಧ. ಗೆಳೆಯರ ರೈಫಲನ್ನು ಎರವಲು ತಂದರೂ ಕಾನೂನಿನ ಕಣ್ಣಿಗೆ ಅದು ನಿಮ್ಮ ಬಳಿ ಇದ್ದಂತೆಯೇ. ಅಂಗಡಿಯಲ್ಲಿ ಕೊಳ್ಳುವಾಗ ತುಂಬುವ 4473 ಫಾರಂನಲ್ಲೂ ಈ ವಿನಾಯಿತಿಯ ದಾಖಲೆ ತೋರಿಸಬೇಕು. ಗ್ರೀನ್ ಕಾರ್ಡ್ (ಕಾಯಂ ವಾಸದ ಅನುಮತಿ) ಇರುವವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ವೀಸಾದ ವಿಷಯದಲ್ಲಿ ಸ್ವಲ್ಪವೂ ಗೊಂದಲವಿದ್ದರೆ ವಕೀಲರಿಗೆ ಕೊಡುವ ಶುಲ್ಕ ದಂಡವಲ್ಲ.

ನಕ್ಷೆಯ ಮೇಲೆ ಬೇಟೆ

ಟ್ಯಾಗ್ ಕೈಗೆ ಬಂದ ಮೇಲೆ ಹೆಚ್ಚು ಸಮಯ ಹಿಡಿಯಬೇಕಾದ ಕೆಲಸ ಇದು. ಭೂಮಿಯ ಒಡೆತನ ತೋರಿಸುವ ಆನ್‌ಎಕ್ಸ್‌ನಂಥ ಆ್ಯಪ್ ತೆಗೆದು ಯೂನಿಟ್‌ನ ಗಡಿ ಹಾಕಿಕೊಳ್ಳಿ. ಸರ್ಕಾರಿ ನಕ್ಷೆಗಳಲ್ಲಿ ಹಳದಿ ಎಂದರೆ ಬಿಎಲ್‌ಎಂ (ಫೆಡರಲ್ ಭೂ ನಿರ್ವಹಣಾ ಸಂಸ್ಥೆ) ನೆಲ, ಹಸಿರು ಎಂದರೆ ನ್ಯಾಷನಲ್ ಫಾರೆಸ್ಟ್, ನೀಲಿ ರಾಜ್ಯದ್ದು, ಬಿಳಿ ಖಾಸಗಿ. ನೀಲಿಯನ್ನು ಸಾರ್ವಜನಿಕ ಎಂದುಕೊಳ್ಳಬೇಡಿ. ಕೊಲರಾಡೊದ ಸ್ಟೇಟ್ ಟ್ರಸ್ಟ್ ನೆಲದಲ್ಲಿ ಸಾರ್ವಜನಿಕ ಪ್ರವೇಶದ ಪಟ್ಟಿಗೆ ಸೇರಿದ ತುಂಡುಗಳಿಗೆ ಮಾತ್ರ ಹೋಗಬಹುದು. ಬಿಳಿ ನೆಲಕ್ಕೆ ಬೇಲಿ, ಫಲಕ ಇಲ್ಲದಿದ್ದರೂ ಅಲ್ಲಿ ಒಡೆಯರ ಅನುಮತಿ ಬೇಕು. ಗಾಯಗೊಂಡ ಜಿಂಕೆ ಖಾಸಗಿ ನೆಲಕ್ಕೆ ದಾಟಿದರೆ ಏನು ಮಾಡುವುದು ಎನ್ನುವುದು ಗುಂಡು ಹಾರಿಸುವ ಮೊದಲೇ ಯೋಚಿಸಬೇಕಾದ ಮಾತು. ಗಡಿಗೆ 300 ಗಜದೊಳಗೆ ಹೊಡೆಯದಿರುವುದು ಒಳ್ಳೆಯ ಕಟ್ಟುಪಾಡು.

ಚದುರಂಗದ ಮನೆಗಳ ಹಾಗೆ ಸಾರ್ವಜನಿಕ, ಖಾಸಗಿ ತುಂಡುಗಳು ಮೂಲೆಗೆ ಮೂಲೆ ತಾಗಿರುವ ಕಡೆ, ಖಾಸಗಿ ನೆಲಕ್ಕೆ ಕಾಲಿಡದೆ ಮೂಲೆಯಿಂದ ಮೂಲೆಗೆ ದಾಟುವುದನ್ನು ಭೂಮಾಲೀಕರು ತಡೆಯುವಂತಿಲ್ಲ ಎಂದು 2025ರಲ್ಲಿ ಹತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ವಯೋಮಿಂಗ್ ಪ್ರಕರಣದಲ್ಲಿ ಹೇಳಿದೆ. ಆ ನ್ಯಾಯಾಲಯದ ವ್ಯಾಪ್ತಿಯಲ್ಲಿ ಕೊಲರಾಡೊ, ಯೂಟಾ, ನ್ಯೂ ಮೆಕ್ಸಿಕೋ ಇವೆ, ಮೊಂಟಾನಾ ಇಲ್ಲ. ಮೊದಲ ಬೇಟೆಗೆ ಆ ಕಗ್ಗಂಟೇ ಬೇಡ.

ಆಮೇಲೆ ನೋಡಬೇಕಾದ್ದು ಮೇವು, ನೆರಳು, ನೋಟ. ಮ್ಯೂಲ್ ಡಿಯರ್ ಹುಲ್ಲಿಗಿಂತ ಪೊದೆ, ಚಿಗುರು, ಎಲೆಗಿಡಗಳನ್ನು ನೆಚ್ಚಿಕೊಂಡ ಪ್ರಾಣಿ. ಬಿಟರ್‌ಬ್ರಷ್, ಮೌಂಟನ್ ಮಹೋಗನಿ, ಸೇಜ್‌ಬ್ರಷ್ ಇರುವ ಇಳಿಜಾರು ಹುಡುಕಿ. ಕೆಲವು ವರ್ಷಗಳ ಹಿಂದೆ ಕಾಡ್ಗಿಚ್ಚು ಬಿದ್ದ ಜಾಗದಲ್ಲಿ ಹೊಸ ಚಿಗುರು ದಟ್ಟವಾಗಿರುತ್ತದೆ, ಉಪಗ್ರಹ ಚಿತ್ರದಲ್ಲಿ ಅದು ಬೂದು ಕಡ್ಡಿಗಳ ನಡುವಿನ ಹಸಿರಾಗಿ ಕಾಣುತ್ತದೆ. ಮಲಗುವುದಕ್ಕೆ ಅವಕ್ಕೆ ಬೇಕಾದ್ದು ಇಳಿಜಾರಿನ ನಡುವೆ ಸಣ್ಣ ಸಮತಟ್ಟು, ಹಿಂದೆ ಬಂಡೆ ಅಥವಾ ಮರ, ಮುಂದೆ ಕೆಳಗಿನದೆಲ್ಲ ಕಾಣುವ ನೋಟ. ನಕ್ಷೆಯಲ್ಲಿ ಸಮೋನ್ನತ ರೇಖೆಗಳು ಒತ್ತೊತ್ತಾಗಿ ಬಂದು, ಒಂದು ಕಡೆ ಚೂರು ಅಗಲವಾಗಿ, ಮತ್ತೆ ಒತ್ತಾಗುವ ಜಾಗ ಅದು.

ಈ ಎಲ್ಲಕ್ಕಿಂತ ಬೆಲೆಬಾಳುವುದು ಕೂತು ನೋಡುವ ಜಾಗ. ಎದುರಿನ ಇಳಿಜಾರು 500ರಿಂದ 1,500 ಗಜ ದೂರದಲ್ಲಿ ಕಾಣಬೇಕು, ಬೆಳಗ್ಗೆ ಸೂರ್ಯ ನಿಮ್ಮ ಬೆನ್ನಿಗಿರಬೇಕು, ಕತ್ತಲಲ್ಲೂ ಅಲ್ಲಿಗೆ ಜಿಂಕೆಗಳನ್ನು ಎಬ್ಬಿಸದೆ ಸೇರಲು ದಾರಿ ಇರಬೇಕು. ಇಂಥ ಆರೇಳು ಜಾಗ ಗುರುತಿಸಿ, ಬೇರೆ ಬೇರೆ ರಸ್ತೆಗಳಿಂದ ಹೋಗುವ ಮೂರು ಪ್ರದೇಶಗಳಾಗಿ ಹಂಚಿ. ಮೊದಲ ಪ್ರದೇಶದ ದಾರಿಯ ಕೊನೆಯಲ್ಲಿ ಹತ್ತು ಟ್ರಕ್ ನಿಂತಿದ್ದರೆ ಬೇಸರಿಸದೆ ಎರಡನೆಯದಕ್ಕೆ ಹೋಗಬಹುದು. ನಕ್ಷೆಗಳನ್ನು ಫೋನಿಗೆ ಇಳಿಸಿಟ್ಟುಕೊಳ್ಳಿ. ಕಾಗದದ ನಕ್ಷೆ, ದಿಕ್ಸೂಚಿ ಚೀಲದಲ್ಲಿರಲಿ. ಚಳಿಗೆ ಫೋನ್ ಬ್ಯಾಟರಿ ಮಧ್ಯಾಹ್ನದೊಳಗೆ ಸತ್ತುಹೋಗುವುದು ಅಪರೂಪವಲ್ಲ, ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟರೆ ಉಳಿಯುತ್ತದೆ.

ಆಗಸ್ಟ್‌ನಲ್ಲಿ ಒಂದು ವಾರಾಂತ್ಯ ಹೋಗಿ ನೋಡಿ ಬರಲು ಸಾಧ್ಯವಾದರೆ ಜಿಂಕೆ ಎಣಿಸುವುದಕ್ಕಿಂತ ದಾರಿ, ಗೇಟು, ನೀರು ನೋಡಿಕೊಂಡು ಬನ್ನಿ. ಆಗಸ್ಟ್‌ನ ಜಿಂಕೆ ಅಕ್ಟೋಬರ್‌ನಲ್ಲಿ ಅಲ್ಲಿರುವ ಖಾತರಿ ಇಲ್ಲ, ಗೇಟು ಇರುತ್ತದೆ.

ಮೈ ಮತ್ತು ಚೀಲ

ನಾಲ್ಕು ತಿಂಗಳು ಮೊದಲೇ ಹೊರೆ ಹೊತ್ತು ನಡೆಯಲು ಶುರು ಮಾಡಿ. 10 ಕೆ.ಜಿ.ಯಿಂದ ಹಿಡಿದು ವಾರ ವಾರಕ್ಕೆ ಏರಿಸುತ್ತ 25ಕ್ಕೆ ತನ್ನಿ. ಹತ್ತುವುದಕ್ಕಿಂತ ಇಳಿಯುವುದರ ಅಭ್ಯಾಸ ಮುಖ್ಯ, ಮಾಂಸ ಹೊತ್ತಾಗ ಮೊದಲು ಸೋಲುವುದು ತೊಡೆಯ ಮುಂಭಾಗದ ಸ್ನಾಯು. ಚೀಲ ಚೌಕಟ್ಟು ಇರುವಂಥದ್ದೇ ಆಗಬೇಕು, ಚೌಕಟ್ಟಿಗೂ ಚೀಲಕ್ಕೂ ನಡುವೆ ಮಾಂಸ ಸಿಕ್ಕಿಸುವ ಜಾಗ ಇದ್ದರೆ ಭಾರ ಬೆನ್ನಿಗೆ ಹತ್ತಿರವಾಗಿ ಕೂರುತ್ತದೆ. ಊರುಗೋಲು ಎರಡು ಇರಲಿ.

8,000 ಅಡಿಗಿಂತ ಮೇಲೆ ಮಲಗುವುದಾದರೆ ಒಂದೆರಡು ದಿನ ಮೊದಲೇ ಹೋಗಿ ಒಗ್ಗಿಕೊಳ್ಳಿ. ತಲೆನೋವು, ವಾಕರಿಕೆ ಬಂದರೆ ಇನ್ನೂ ಮೇಲೆ ಏರಬಾರದು. ಕೂತಲ್ಲೇ ಉಸಿರು ಕಟ್ಟುವುದು ಅಥವಾ ನಡಿಗೆ ತೂರಾಡುವುದು ಕಂಡರೆ ತಕ್ಷಣ ಕೆಳಗಿಳಿಯಬೇಕು, ಕತ್ತಲಾಗಿದ್ದರೂ.

ಹತ್ತಿ ಬಟ್ಟೆ ಬೇಡ, ಬೆವರಿಗೆ ಒದ್ದೆಯಾದರೆ ಒಣಗುವುದಿಲ್ಲ. ಮೈಗೆ ಉಣ್ಣೆ, ಮೇಲೆ ಗಾಳಿ ತಡೆಯುವ ಪದರ, ಕೂತು ನೋಡುವ ಹೊತ್ತಿಗೆ ದಪ್ಪ ಪಫಿ ಜಾಕೆಟ್. ಹತ್ತುವಾಗ ಸ್ವಲ್ಪ ಚಳಿ ಎನಿಸುವಷ್ಟೇ ಹಾಕಿ, ಕೂತ ತಕ್ಷಣ ದಪ್ಪನೆಯದು ತೊಡಿ. ಊಟ ದಿನಕ್ಕೆ 3,000 ಕ್ಯಾಲೊರಿಗಿಂತ ಮೇಲೆ. ನೀರು ಸೋಸುವ ಟೊಳ್ಳುನಾರಿನ ಫಿಲ್ಟರ್ ಒಮ್ಮೆ ಹೆಪ್ಪುಗಟ್ಟಿದರೆ ಒಳಗೆ ಸೀಳುತ್ತದೆ, ನೋಡಲು ಸರಿಯಾಗಿಯೇ ಇರುತ್ತದೆ. ರಾತ್ರಿ ಅದನ್ನು ಮಲಗುವ ಚೀಲದೊಳಗೆ ಇಟ್ಟುಕೊಳ್ಳಿ. ಹೆಡ್‌ಲ್ಯಾಂಪ್ ಎರಡು. ಕತ್ತಲಲ್ಲಿ ಚಾಕು ಹಿಡಿದಿರುವಾಗ ದೀಪ ಆರಿದರೆ ಹಗುರ ಚೀಲದ ಹೆಮ್ಮೆ ಉಪಯೋಗಕ್ಕೆ ಬರುವುದಿಲ್ಲ.

ದುರ್ಬೀನು 10×42 (ಹತ್ತುಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮಸೂರದ್ದು), ಟ್ರೈಪಾಡ್ ಮೇಲೆ. ಹಣ ಹಾಕುವುದಾದರೆ ರೈಫಲ್‌ಗಿಂತ ಇಲ್ಲಿ ಹಾಕಿ. ಕೈಯಲ್ಲಿ ಹಿಡಿದ ದುರ್ಬೀನು ನಡುಗುತ್ತದೆ, ನಡುಗುವ ಚಿತ್ರದಲ್ಲಿ ಕಿವಿಯ ಅಲುಗಾಟ ಕಾಣುವುದಿಲ್ಲ. ಸ್ಪಾಟಿಂಗ್ ಸ್ಕೋಪ್ (ಹೆಚ್ಚು ದೊಡ್ಡದಾಗಿ ತೋರಿಸುವ ಒಂಟಿಗಣ್ಣಿನ ದೂರದರ್ಶಕ) ಮೊದಲ ವರ್ಷಕ್ಕೆ ಬೇಡ, ಆ ತೂಕದ ನೀರು ಹೊರಿ.

ರೈಫಲ್ ಮತ್ತು ನಿಮ್ಮ ದೂರ

.270 ವಿಂಚೆಸ್ಟರ್, 6.5 ಕ್ರೀಡ್‌ಮೋರ್, 7ಎಂಎಂ-08, .308, ಈ ತೋಟಾ ಬಗೆಗಳಲ್ಲಿ ಯಾವುದಾದರೂ ಸಾಕು. ಕೊಲರಾಡೊದ ಕನಿಷ್ಠ ಅಳತೆ .24 ಕ್ಯಾಲಿಬರ್ (ಗುಂಡಿನ ಅಗಲ, ಇಂಚಿನಲ್ಲಿ), ಜಿಂಕೆಗೆ 70 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು. 200 ಗಜಕ್ಕೆ ಗುರಿ ಕೂರಿಸಿದ .270ರ 130 ಗ್ರೇನ್ ಗುಂಡು 300 ಗಜದಲ್ಲಿ ಸುಮಾರು 6-7 ಇಂಚು, 400ರಲ್ಲಿ ಸುಮಾರು 19 ಇಂಚು ಕೆಳಗೆ ಬೀಳುತ್ತದೆ. 300ರಿಂದ 400ಕ್ಕೆ ಹೋದಾಗ ಕುಸಿತ ಮೂರುಪಟ್ಟಾಗುತ್ತದೆ, ದೂರದ ಅಂದಾಜು ಚೂರು ತಪ್ಪಿದರೂ ಜಿಂಕೆ ಗಾಯಗೊಂಡು ಓಡುತ್ತದೆ.

ನಿಮ್ಮ ದೂರ ಎಷ್ಟು ಎನ್ನುವುದನ್ನು ಕಂಡುಕೊಳ್ಳಿ. ಶೂಟಿಂಗ್ ರೇಂಜ್‌ನ ಬೆಂಚಿನ ಮೇಲಿಂದ ಬೇಡ. ಸ್ವಲ್ಪ ಓಡಿ, ಉಸಿರು ಏರಿರುವಾಗ ಚೀಲದ ಮೇಲೆ ರೈಫಲ್ ಇಟ್ಟು ಮಲಗಿ, ಆಮೇಲೆ ಕೂತು, ಕವೆಗೋಲಿಗೆ ಆನಿಸಿ ಹೊಡೆಯಿರಿ. 8 ಇಂಚಿನ ತಟ್ಟೆಗೆ ಹತ್ತರಲ್ಲಿ ಒಂಬತ್ತು ಬೀಳುವ ದೂರವೇ ನಿಮ್ಮ ದೂರ. ಬಹುಪಾಲು ಹೊಸಬರಿಗೆ ಅದು 200-250 ಗಜ. ಅಷ್ಟು ಸಾಕು, ಮ್ಯೂಲ್ ಡಿಯರ್ ಆ ದೂರಕ್ಕೆ ಸಿಗುವ ಪ್ರಾಣಿ.

ಕಡಿದಾದ ಕೋನದಲ್ಲಿ ಮೇಲಕ್ಕಾಗಲಿ ಕೆಳಕ್ಕಾಗಲಿ ಹೊಡೆಯುವಾಗ ಗುರುತ್ವದ ಲೆಕ್ಕಕ್ಕೆ ಬರುವುದು ಸಮತಲ ದೂರ. 30 ಡಿಗ್ರಿಯಲ್ಲಿ 400 ಗಜ ಎಂದರೆ ಸುಮಾರು 346 ಗಜಕ್ಕೆ ಹೊಡೆದಂತೆ. ದೂರ ಅಳೆಯುವಾಗ ಕೋನವನ್ನೂ ಲೆಕ್ಕಹಾಕುವ ರೇಂಜ್‌ಫೈಂಡರ್ ತೆಗೆದುಕೊಳ್ಳಿ. ಪ್ರಯಾಣ ಮುಗಿದ ಮೇಲೆ ಬೇಟೆಯ ಎತ್ತರದಲ್ಲೇ ಎರಡು ಮೂರು ಗುಂಡು ಹಾರಿಸಿ ಗುರಿ ಸರಿಯಿದೆಯೇ ನೋಡಿಕೊಳ್ಳಿ. ಸ್ಕೋಪಿನ ತಿರುಪು ಕುಲುಕಾಟಕ್ಕೆ ಸಡಿಲಾಗಿರಬಹುದು.

ನಡೆಯುವಾಗ ಚೇಂಬರ್ (ರೈಫಲ್‌ನಲ್ಲಿ ಹಾರಲು ಸಿದ್ಧ ಗುಂಡು ಕೂರುವ ಜಾಗ) ಖಾಲಿ ಇರಲಿ. ಒಬ್ಬರೇ ಇರುವಾಗ ಜಾರಿ ಬಿದ್ದು ಹಾರಿದ ಗುಂಡಿಗೆ ಸಹಾಯ ಬರಲು ಗಂಟೆಗಟ್ಟಲೆ ಬೇಕು. ಕೊಲರಾಡೊದಲ್ಲಿ ಸೊಂಟದ ಮೇಲೆ 500 ಚದರ ಇಂಚು ಹೊಳೆವ ಕಿತ್ತಳೆ ಅಥವಾ ಗುಲಾಬಿ ಬಣ್ಣ, ಜೊತೆಗೆ ಅದೇ ಬಣ್ಣದ ಟೋಪಿ ಕಡ್ಡಾಯ. ಮೊಂಟಾನಾ, ಯೂಟಾದಲ್ಲಿ 400. ಬೆನ್ನಿನ ಚೀಲ ಕಿತ್ತಳೆ ಅಂಗಿಯನ್ನು ಮುಚ್ಚಿಬಿಡುತ್ತದೆ, ಚೀಲಕ್ಕೂ ಕಿತ್ತಳೆ ಹೊದಿಕೆ ಬೇಕು.

ಬೇಟೆಯ ದಿನ

ಬೆಳಕು ಹರಿಯುವ ಅರ್ಧ ಗಂಟೆ ಮೊದಲೇ ಕೂತಿರಿ. ಮೊದಲು ಬರಿಗಣ್ಣಲ್ಲಿ ಬಯಲು ಜಾಗ, ಆಮೇಲೆ ದುರ್ಬೀನಿನಲ್ಲಿ ಇಳಿಜಾರನ್ನು ಅಡ್ಡಪಟ್ಟಿಗಳಾಗಿ ಮಾಡಿಕೊಂಡು ಎಡದಿಂದ ಬಲಕ್ಕೆ. ಒಂದು ಚೌಕಟ್ಟು ನೋಡಿ ಮುಗಿಸಿ, ಅರ್ಧ ಚೌಕಟ್ಟಿನಷ್ಟು ಮಾತ್ರ ಸರಿಸಿ. ಪೂರ್ತಿ ಜಿಂಕೆಯನ್ನು ಹುಡುಕಬೇಡಿ. ನೆಟ್ಟಗಿರುವ ಮರಗಳ ನಡುವೆ ಅಡ್ಡಗೆರೆಯಂಥ ಬೆನ್ನು, ಬಿಳಿ ಪೃಷ್ಠದ ಚುಕ್ಕೆ, ಕಿವಿಯ ಮಿಟುಕು, ಇಷ್ಟೇ ಕಾಣುವುದು. ಹೊಸಬರು ಅರ್ಧ ಗಂಟೆ ನೋಡಿ ಇಲ್ಲಿ ಏನೂ ಇಲ್ಲ ಎಂದು ಎದ್ದು ನಡೆಯುತ್ತಾರೆ, ಆಗ ಮಲಗಿದ್ದ ಜಿಂಕೆಗಳು ಎದ್ದು ಹೋಗುತ್ತವೆ. ಮೂರು ಗಂಟೆ ಕೂರಿ. ಬೆಳಗ್ಗೆ ಮಲಗಿದ ಗಂಡು ನೆರಳು ಸರಿದಂತೆ ನಡುಹಗಲಿನಲ್ಲಿ ಎದ್ದು ಜಾಗ ಬದಲಿಸುತ್ತದೆ. ಕಾಣಿಸಿಕೊಳ್ಳುವ ಆ ಎರಡು ನಿಮಿಷಕ್ಕೆ ನೀವು ದುರ್ಬೀನಿನ ಹಿಂದೆ ಇರಬೇಕು.

ಗಂಡು ಕಂಡಿತೆಂದು ಓಡಬೇಡಿ. ಅದು ಮಲಗುವವರೆಗೆ ಕಾಯಿರಿ. ಅದರ ಸುತ್ತ ಎದ್ದು ಕಾಣುವ ಬಂಡೆ, ಸತ್ತ ಮರ, ಹಿಮದ ಪಟ್ಟಿಯನ್ನು ಗುರುತಿಟ್ಟು ದುರ್ಬೀನಿನ ಮೂಲಕ ಫೋನಿನಲ್ಲಿ ಚಿತ್ರ ತೆಗೆಯಿರಿ. ಎದುರು ಬೆಟ್ಟಕ್ಕೆ ದಾಟಿ ನೋಡಿದರೆ ಎಲ್ಲ ಬಂಡೆಗಳೂ ಒಂದೇ ಥರ ಕಾಣುತ್ತವೆ, ಆ ಚಿತ್ರವೇ ದಿಕ್ಕು.

ಗಾಳಿಯ ಸ್ವಭಾವ ಹೀಗೆ: ರಾತ್ರಿ ಮತ್ತು ನಸುಕಿನಲ್ಲಿ ತಂಪು ಗಾಳಿ ಇಳಿಜಾರಿನ ಕೆಳಕ್ಕೆ ಹರಿಯುತ್ತದೆ, ಬಿಸಿಲು ಬಿದ್ದು ನೆಲ ಕಾದ ಮೇಲೆ ಮೇಲಕ್ಕೇರುತ್ತದೆ, ಸಂಜೆ ಮತ್ತೆ ಕೆಳಕ್ಕೆ. ಈ ಎರಡರ ನಡುವೆ ಬೆಳಗ್ಗೆ ಒಂದಷ್ಟು ಹೊತ್ತು ಸುಳಿಸುಳಿಯಾಗಿ ಎಲ್ಲ ದಿಕ್ಕಿಗೂ ತಿರುಗುತ್ತದೆ. ಆ ಹೊತ್ತಿನಲ್ಲಿ ಹತ್ತಿರ ಹೋದರೆ ಕೆಡುವುದೇ ಹೆಚ್ಚು. ಗಾಳಿ ಮೇಲಕ್ಕೆ ನಿಂತ ಮೇಲೆ, ಬೆಟ್ಟದ ಹಿಂಬದಿಯಿಂದ ಸುತ್ತಿ, ಮೇಲಿನಿಂದ ಅಥವಾ ಪಕ್ಕದಿಂದ ಇಳಿಯುವುದು ವಾಡಿಕೆ. ಪುಡಿ ತುಂಬಿದ ಸಣ್ಣ ಸೀಸೆಯನ್ನು ಹಿಚುಕುತ್ತ ಗಾಳಿ ನೋಡುತ್ತಿರಿ. ಕೊನೆಯ 300 ಗಜಕ್ಕೆ ಒಂದು ಗಂಟೆ ತೆಗೆದುಕೊಂಡರೂ ಹೆಚ್ಚಲ್ಲ. ಅದರ ಜೊತೆ ಮಲಗಿರುವ, ನೀವು ನೋಡದ ಹೆಣ್ಣೇ ಬಹಳ ಸಲ ಆಟ ಕೆಡಿಸುವುದು.

ಎದ್ದು ಓಡಿದರೂ ಕೂಡಲೇ ಆಸೆ ಬಿಡಬೇಡಿ. ಮ್ಯೂಲ್ ಡಿಯರ್‌ಗೆ ದಿಣ್ಣೆಯ ತುದಿಯಲ್ಲಿ ನಿಂತು ಒಮ್ಮೆ ಹಿಂದಿರುಗಿ ನೋಡುವ ಚಾಳಿ ಇದೆ. ಆದರೆ ಆಕಾಶಕ್ಕೆ ಎದುರಾಗಿ ನಿಂತ ಜಿಂಕೆಗೆ ಗುಂಡು ಹಾರಿಸಬಾರದು, ಅದರಾಚೆ ಯಾರಿದ್ದಾರೆ ಎಂಬುದು ಕಾಣುವುದಿಲ್ಲ.

ಹೊಡೆಯುವ ಮುನ್ನ ಇನ್ನೊಂದು ಪ್ರಶ್ನೆ: ಇಲ್ಲಿಂದ ಹೊರಬಲ್ಲೆನೇ? ಬೆಳಕು ಎಷ್ಟಿದೆ? ಉತ್ತರ ಅನುಮಾನವಾದರೆ ಬಿಟ್ಟು, ನಾಳೆ ಬೆಳಗ್ಗೆ ಬನ್ನಿ.

ಪಕ್ಕಕ್ಕೆ ತಿರುಗಿ ನಿಂತ ಜಿಂಕೆಗೆ ಮುಂಗಾಲಿನ ಹಿಂಬದಿ, ಎದೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಗುರಿ. ನಿಮ್ಮಿಂದ ಓರೆಯಾಗಿ ಆಚೆ ತಿರುಗಿದ್ದರೆ ಗುಂಡು ಆಚೆಯ ಮುಂಗಾಲಿನತ್ತ ಹೋಗುವಂತೆ. ಹಾರಿಸಿದ ತಕ್ಷಣ ಮತ್ತೆ ಲೋಡ್ ಮಾಡಿ, ಅದು ನಿಂತಿದ್ದ ಜಾಗ, ನೀವು ನಿಂತ ಜಾಗ ಎರಡನ್ನೂ ಗುರುತು ಹಾಕಿ. ಅರ್ಧ ಗಂಟೆ ಕಾಯಿರಿ. ಗುಲಾಬಿ ನೊರೆ ರಕ್ತವಿದ್ದರೆ ಶ್ವಾಸಕೋಶ, ಜಿಂಕೆ ಹತ್ತಿರದಲ್ಲೇ ಬಿದ್ದಿರುತ್ತದೆ. ಕಡುಗೆಂಪು ಎಂದರೆ ಈಲಿ (ಲಿವರ್), ಮೂರು ನಾಲ್ಕು ಗಂಟೆ ಕಾಯಬೇಕು. ಹಸಿರು, ನಾರು, ವಾಸನೆ ಇದ್ದರೆ ಕರುಳು. ಎಂಟು ಗಂಟೆ ಕಾದರೂ ಸರಿ, ಬೇಗ ಬೆನ್ನಟ್ಟಿದರೆ ಮೈಲಿಗಟ್ಟಲೆ ಹೋಗಿ ಸಾಯುತ್ತದೆ.

ಬಿದ್ದ ಮೇಲೆ

ಮೊದಲು ಟ್ಯಾಗ್. ಆ ರಾಜ್ಯದ ನಿಯಮದಂತೆ ಆ ಕ್ಷಣವೇ ತುಂಬಿ, ಹರಿದು ಅಥವಾ ಕತ್ತರಿಸಿ. ಚಿತ್ರ ಆಮೇಲೆ.

ಒಬ್ಬರೇ ಇರುವಾಗ ಹೊಟ್ಟೆ ಸೀಳದೆ ಮಾಂಸ ಬಿಡಿಸುವ ಕ್ರಮವೇ ಸುಲಭ. ಜಿಂಕೆಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಜಾರದಂತೆ ಕಾಲಿಗೆ ಹಗ್ಗ ಕಟ್ಟಿ ಮೇಲಿನ ಮರಕ್ಕೆ ಬಿಗಿಯಿರಿ. ಕುತ್ತಿಗೆಯಿಂದ ಬಾಲದವರೆಗೆ ಬೆನ್ನುಮೂಳೆಯ ಮೇಲೆ ಚರ್ಮವನ್ನಷ್ಟೇ ಸೀಳಿ, ಹೊಟ್ಟೆಯ ಕಡೆಗೆ ಸುಲಿಯಿರಿ. ಚಾಕು ಚರ್ಮದ ಒಳಗಿನಿಂದ ಹೊರಕ್ಕೆ ಹೋದರೆ ಕೂದಲು ಮಾಂಸಕ್ಕೆ ಅಂಟುವುದು ಕಡಿಮೆ. ಮುಂಗಾಲಿಗೆ ಮೂಳೆಯ ಕೀಲಿಲ್ಲ, ಎತ್ತಿ ಹಿಡಿದು ಪಕ್ಕೆಲುಬಿಗೂ ಹೆಗಲ ಚಿಪ್ಪಿಗೂ ನಡುವೆ ಕೊಯ್ದರೆ ಬಂದುಬಿಡುತ್ತದೆ. ಹಿಂಗಾಲನ್ನು ಸೊಂಟದ ಮೂಳೆಗೆ ಒತ್ತಿ ಕೊಯ್ಯುತ್ತ ಹೋದರೆ ಗುಂಡು ಕೀಲು ಸಿಗುತ್ತದೆ, ಅದರೊಳಗಿನ ಬಿಳಿ ನಾರು ಕತ್ತರಿಸಿದರೆ ತೊಡೆ ಕೈಗೆ ಬರುತ್ತದೆ. ಆಮೇಲೆ ಬೆನ್ನಿನ ಬ್ಯಾಕ್‌ಸ್ಟ್ರ್ಯಾಪ್ (ಬೆನ್ನುಮೂಳೆಯ ಉದ್ದಕ್ಕೂ ಇರುವ ಮಾಂಸದ ಪಟ್ಟಿ), ಕುತ್ತಿಗೆಯ ಮಾಂಸ. ಬೆನ್ನುಮೂಳೆಯ ಒಳಬದಿಯ ಮೃದು ಮಾಂಸವಾದ ಟೆಂಡರ್‌ಲಾಯಿನ್‌ಗೆ ಕೊನೆಯ ಪಕ್ಕೆಲುಬಿನ ಹಿಂದೆ ಸಣ್ಣದಾಗಿ ಸೀಳಿ, ಕರುಳನ್ನು ಕೈಯಿಂದ ಕೆಳಕ್ಕೆ ಒತ್ತಿ ಹಿಡಿದು ಬಿಡಿಸಿ. ತಿರುಗಿಸಿ, ಮತ್ತೊಂದು ಮಗ್ಗುಲು. ಮೊದಲ ಸಲ ಎರಡರಿಂದ ಮೂರು ಗಂಟೆ ಹಿಡಿಯುತ್ತದೆ.

ನಾಲ್ಕು ಕಾಲು, ಬ್ಯಾಕ್‌ಸ್ಟ್ರ್ಯಾಪ್, ಟೆಂಡರ್‌ಲಾಯಿನ್ ಬಿಟ್ಟು ಬರುವುದು ಕೊಲರಾಡೊದಲ್ಲಿ ಅಪರಾಧ. ಗಂಡು ಎನ್ನುವ ಸಾಕ್ಷಿ ಮಾಂಸಕ್ಕೆ ಸಹಜವಾಗಿ ಅಂಟಿಕೊಂಡೇ ಇರಬೇಕು ಎಂದು ಹಲವು ರಾಜ್ಯಗಳ ನಿಯಮ. ಒಂದು ತೊಡೆಯ ಮೇಲೆ ವೃಷಣದ ಭಾಗವನ್ನು ಬಿಟ್ಟು ಸುಲಿಯಿರಿ. ಮೂಳೆ ಬಿಡಿಸುವ ಉತ್ಸಾಹದಲ್ಲಿ ಇದನ್ನು ಕತ್ತರಿಸಿ ಎಸೆದು ದಂಡ ಕಟ್ಟುವುದು ಹೊಸಬರ ಮಾಮೂಲಿ ತಪ್ಪು.

ಬದಲಿಸಬಹುದಾದ ಅಲಗಿನ ಚಾಕು ಬಹಳ ಹರಿತ, ಬೆರಳಿಗೂ ಅಷ್ಟೇ. ಎಡಗೈಗೆ ಕೊಯ್ತ ತಡೆಯುವ ಕೈಗವಸು ಹಾಕಿ, ಮೈಯಿಂದ ಆಚೆಗೆ ಕೊಯ್ಯಿರಿ. ರಕ್ತ ನಿಲ್ಲಿಸಲು ಬಿಗಿಯುವ ಟೂರ್ನಿಕೆ ಪಟ್ಟಿ ಚೀಲದ ತಳದಲ್ಲಲ್ಲ, ಒಂದೇ ಕೈಗೆ ಸಿಗುವ ಕಡೆ ಇರಲಿ.

ಮಾಂಸ ಕೆಡಿಸುವುದು ಶಾಖ. ಮ್ಯೂಲ್ ಡಿಯರ್‌ನ ಕೂದಲು ಟೊಳ್ಳು, ಚರ್ಮ ಕಂಬಳಿಯಂತೆ ಬಿಸಿ ಹಿಡಿದಿಡುತ್ತದೆ. ಚಳಿ ಇದೆ, ನಾಳೆ ಸುಲಿಯೋಣ ಎಂದು ಬಿಟ್ಟರೆ ತೊಡೆಮೂಳೆಯ ಸುತ್ತ ಹುಳಿ ವಾಸನೆ ಶುರುವಾಗುತ್ತದೆ. ಗಾಳಿಯಾಡುವ ಬಟ್ಟೆಚೀಲ ಐದು ಒಯ್ಯಿರಿ. ಮಾಂಸವನ್ನು ನೆರಳಿನಲ್ಲಿ, ಒಂದಕ್ಕೊಂದು ತಾಗದಂತೆ ತೂಗುಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೆವರಿ ಕೆಡುತ್ತದೆ.

ಮೊದಲ ಸುತ್ತಿಗೆ ಭಾರದ ಅರ್ಧ ಹೊರಿ. ಉಳಿದದ್ದನ್ನು ಅವಶೇಷಗಳಿಂದ 100 ಗಜವಾದರೂ ದೂರ, ದೂರದಿಂದಲೇ ಕಾಣುವಂಥ ಮರಕ್ಕೆ ಕಟ್ಟಿ ಹೋಗಿ. ವಾಯವ್ಯ ವಯೋಮಿಂಗ್, ಮೊಂಟಾನಾದ ಗ್ರಿಜ್ಲಿ ಕರಡಿ ಇರುವ ಕಡೆ ಮರಳಿ ಬರುವಾಗ ದುರ್ಬೀನಿನಲ್ಲಿ ಮೊದಲು ನೋಡಿ, ಗಟ್ಟಿಯಾಗಿ ಮಾತಾಡುತ್ತ, ಬೇರ್ ಸ್ಪ್ರೇ ಕೈಯಲ್ಲಿ ಹಿಡಿದು ಬನ್ನಿ. ಕರಡಿ ಹಿಡಿದುಕೊಂಡಿದ್ದರೆ ಮಾಂಸ ಅದರದ್ದು. ಕೊಂಬು ಹೊತ್ತು ನಡೆಯುವಾಗ ಅದಕ್ಕೆ ಕಿತ್ತಳೆ ಪಟ್ಟಿ ಸುತ್ತಿ, ಪೊದೆಯ ಮೇಲೆ ಅಲುಗುವ ಕೊಂಬು ಇನ್ನೊಬ್ಬರಿಗೆ ಜಿಂಕೆಯಾಗಿಯೇ ಕಾಣುತ್ತದೆ.

ಗಾಡಿಯಲ್ಲಿ 60 ಲೀಟರಿನ ಎರಡು ಕೂಲರ್, ಅವುಗಳಲ್ಲಿ ನೀರು ತುಂಬಿ ಹೆಪ್ಪುಗಟ್ಟಿಸಿದ ಹಾಲಿನ ಕ್ಯಾನುಗಳು ಮೊದಲೇ ಇರಲಿ. ಬಿಡಿ ಮಂಜುಗಡ್ಡೆ ಕರಗಿ ಮಾಂಸವನ್ನು ನೀರಿನಲ್ಲಿ ನೆನೆಸುತ್ತದೆ, ಕ್ಯಾನು ನೆನೆಸುವುದಿಲ್ಲ. ಚಕ್ರಕ್ಕೆ ಸರಪಳಿ, ಸಲಿಕೆ, ತುಂಬಿದ ಟ್ಯಾಂಕ್ ಇವು ಕೂಲರ್‌ನಷ್ಟೇ ಅವಶ್ಯ.

ಒಂಟಿತನದ ಕಟ್ಟುಪಾಡು

ಇನ್‌ರೀಚ್‌ನಂಥ ಉಪಗ್ರಹ ಸಂದೇಶ ಸಾಧನ ಭುಜದ ಪಟ್ಟಿಯಲ್ಲಿರಲಿ, ಚೀಲದಲ್ಲಲ್ಲ. ಬಿದ್ದು ಚೀಲ ಉರುಳಿಹೋದರೂ ಅದು ಮೈಮೇಲೆ ಇರಬೇಕು. ಮನೆಯಲ್ಲೊಬ್ಬರಿಗೆ ಕಾಗದದಲ್ಲಿ ಬರೆದು ಕೊಡಿ: ಗಾಡಿ ನಿಲ್ಲುವ ಜಾಗದ ಅಕ್ಷಾಂಶ-ರೇಖಾಂಶ, ಗಾಡಿಯ ನಂಬರ್, ಮೂರೂ ಪ್ರದೇಶಗಳ ಹೆಸರು, ಸಂಜೆ ಸಂದೇಶ ಕಳಿಸುವ ಹೊತ್ತು, ಎಷ್ಟು ಗಂಟೆ ತಡವಾದರೆ ಆ ಕೌಂಟಿಯ ಶೆರಿಫ್ ಕಚೇರಿಗೆ ಕರೆ ಮಾಡಬೇಕು, ಆ ಕಚೇರಿಯ ದೂರವಾಣಿ ಸಂಖ್ಯೆ. ಪ್ರದೇಶ ಬದಲಿಸಿದರೆ ಹೊರಡುವ ಮೊದಲೇ ಸಂದೇಶ ಹೋಗಬೇಕು. ಹುಡುಕುವವರು ತಪ್ಪು ಕಣಿವೆಯಲ್ಲಿ ರಾತ್ರಿ ಕಳೆದರೆ ಸಾಧನವಿದ್ದೂ ಪ್ರಯೋಜನವಿಲ್ಲ.

ಬೆಂಕಿಕಡ್ಡಿ, ಲೈಟರ್, ವ್ಯಾಸಲೀನ್ ಹಚ್ಚಿದ ಹತ್ತಿಯುಂಡೆ, ಹಗುರ ಟಾರ್ಪಾಲ್ ಪ್ರತಿದಿನವೂ ಬೆನ್ನಿನ ಮೇಲೆ. ಡೇರೆಯಲ್ಲಿ ಬಿಟ್ಟುಬಂದ ತುರ್ತು ಸಾಮಾನು ಡೇರೆಗೆ ಮಾತ್ರ ಉಪಯೋಗ.

ಊರಿಗೆ ಮರಳುವ ಮುನ್ನ ಒಂದು ಕೆಲಸ ಉಳಿದಿರುತ್ತದೆ. ಜಿಂಕೆಗಳ ಮಿದುಳು ಕೆಡಿಸುವ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಮೊದಲು ಕಂಡದ್ದು 1967ರಲ್ಲಿ, ಕೊಲರಾಡೊದ ಫೋರ್ಟ್ ಕಾಲಿನ್ಸ್‌ನ ಸಂಶೋಧನಾ ಕೇಂದ್ರದ ಮ್ಯೂಲ್ ಡಿಯರ್‌ಗಳಲ್ಲೇ. ಕಾರಣ ಪ್ರಿಯಾನ್ ಎಂಬ ಪ್ರೋಟೀನ್, ಬೇಯಿಸಿದರೂ ನಾಶವಾಗದು. ಮನುಷ್ಯರಿಗೆ ಹರಡಿದ ಪ್ರಕರಣ ದೃಢಪಟ್ಟಿಲ್ಲ, ಆದರೂ ರೋಗವಿರುವ ಜಿಂಕೆಯ ಮಾಂಸ ತಿನ್ನಬೇಡಿ ಎಂಬುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಲಹೆ. ಕೊಯ್ಯುವಾಗ ರಬ್ಬರ್ ಗವಸು ಹಾಕಿ, ಬೆನ್ನುಮೂಳೆ, ಮಿದುಳಿಗೆ ಚಾಕು ತಾಗಿಸಬೇಡಿ. ತಲೆಯನ್ನು ರಾಜ್ಯದ ಪರೀಕ್ಷಾ ಕೇಂದ್ರಕ್ಕೆ ಕೊಡಿ, ಗಂಟಲಿನ ಹಿಂದಿನ ದುಗ್ಧಗ್ರಂಥಿಯಿಂದ ಮಾದರಿ ತೆಗೆಯುತ್ತಾರೆ. ಇಡೀ ತಲೆ, ಬೆನ್ನುಮೂಳೆಯನ್ನು ಗಡಿ ದಾಟಿಸುವುದಕ್ಕೆ ಹಲವು ರಾಜ್ಯಗಳಲ್ಲಿ ನಿಷೇಧವಿದೆ, ಮೂಳೆ ಬಿಡಿಸಿದ ಮಾಂಸಕ್ಕಿಲ್ಲ. ಫಲಿತಾಂಶ ಬರುವವರೆಗೆ ಈ ಜಿಂಕೆಯ ಪೊಟ್ಟಣಗಳ ಮೇಲೆ ಪರೀಕ್ಷೆಯ ಸಂಖ್ಯೆ ಬರೆದು ಫ್ರೀಜರ್‌ನಲ್ಲಿ ಬೇರೆಯೇ ಇಡಿ, ಬೇರೆಯವರ ಮಾಂಸದ ಜೊತೆ ಕೊಚ್ಚಿಸಬೇಡಿ.